ಕೋಡ್ ಎಡಿಟರಿನಲ್ಲಿ ಕನ್ನಡ ಬರಹ: ಕಳಚುವುದೇನು, ಉಳಿಸುವುದೇನು

ಸಂಪಿಗೆ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ತೋಟದ ಮನೆಯ ಜಗಲಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರು ಈಗ ಅಪರೂಪವಲ್ಲ. ನೀವೂ ಅವರಲ್ಲೊಬ್ಬರಾಗಿದ್ದರೆ ಈ ಮಾತು ಕೇಳಿಯೇ ಇರುತ್ತೀರಿ: ‘ಅಷ್ಟು ದುಡ್ಡು ಸುರಿದು ಕಂಪ್ಯೂಟರ್ ಓದ್ಸಿದೀನಿ, ಸೊಸೈಟಿಗೆ ಒಂದು ಅರ್ಜಿ ಟೈಪ್ ಮಾಡಕ್ಕೆ ಬರಲ್ವೇನ್ಲಾ?’

ಅಪ್ಪನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನೀವು ದಿನವಿಡೀ ತೆರೆದಿಟ್ಟುಕೊಂಡಿರುವ ವಿಎಸ್ ಕೋಡ್‌ನಲ್ಲೇ ಒಂದು ಹೊಸ ಫೈಲ್ ತೆಗೆದು ಕನ್ನಡದಲ್ಲಿ ಬರೆಯತೊಡಗುತ್ತೀರಿ. ಎರಡೇ ನಿಮಿಷ. ಸಾಲು ಬಲಗಡೆ ಓಡಿ ತೆರೆಯಾಚೆ ಹೋಗುತ್ತದೆ. ಒತ್ತಕ್ಷರದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ತೆಂ’ ಎಂದು ಹೊಡೆಯುವಷ್ಟರಲ್ಲಿ ಪುಟ್ಟ ಪೆಟ್ಟಿಗೆಯೊಂದು ತೆರೆದುಕೊಂಡು ತನಗೆ ತೋಚಿದ ಪದ ಹಿಡಿದು ನಿಲ್ಲುತ್ತದೆ, ಎಂಟರ್ ಒತ್ತಿದರೆ ಅದೇ ಪದ ಒಳಗೆ ಬಂದು ಕೂರುತ್ತದೆ. ‘ಇದು ಕನ್ನಡಕ್ಕೆ ಆಗಿಬರೋದಲ್ಲ’ ಎಂದು ಮುಚ್ಚಿಬಿಡುತ್ತೀರಿ.

ಆಗಿಬರುತ್ತದೆ. ಆದರೆ ಅದಕ್ಕೆ ಹೊಸದೇನನ್ನೋ ಸೇರಿಸುವುದಕ್ಕಿಂತ, ಇರುವುದನ್ನು ಕಳಚುವ ಕೆಲಸವೇ ಹೆಚ್ಚು. ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಒಳಗೆ ಗಿಟುಕಾಗಿರುತ್ತದಲ್ಲ, ನಾವು ಮಾಡುವುದು ಸುಲಿದು ಚಿಪ್ಪು ಒಡೆಯುವುದಷ್ಟೇ. ಇದೂ ಹಾಗೆಯೇ.

ಮೊದಲೇ ಒಂದು ಮಾತು. ಒಂದು ಪುಟದ ಅರ್ಜಿಗೆ ಇಷ್ಟೆಲ್ಲ ಬೇಕಿಲ್ಲ, ಲಿಬ್ರೆಆಫೀಸ್ ರೈಟರ್ ಸಾಕು. ತಿಂಗಳು ತಿಂಗಳು ಸಂಘದ ನಡಾವಳಿ ಬರೆಯುವವರಿಗೆ, ಊರಿನ ಚರಿತ್ರೆಯನ್ನೋ ಕಾದಂಬರಿಯನ್ನೋ ಕೈಗೆತ್ತಿಕೊಂಡವರಿಗೆ, ನೂರಾರು ಪುಟಗಳಲ್ಲಿ ಒಂದು ಹೆಸರನ್ನು ಹುಡುಕಿ ತಿದ್ದಬೇಕಾದವರಿಗೆ ಈ ದಾರಿ. ಕೋಡ್ ಎಡಿಟರಿನ ಫೈಲ್ ಬರಿಯ ಪಠ್ಯ. ಹತ್ತು ವರ್ಷ ಬಿಟ್ಟು ಯಾವ ಯಂತ್ರದಲ್ಲಿ ತೆರೆದರೂ ಓದಬಹುದು, ಪುಟ ಹೆಚ್ಚಾದಷ್ಟೂ ಭಾರವಾಗಿ ನಿಂತುಬಿಡುವ ಕಾಟವೂ ಕಡಿಮೆ. ನಾನು ಈ ದಾರಿಗೆ ಬಂದದ್ದು ವರ್ಡ್ ಪ್ರೊಸೆಸರ್ ಒಂದು ನಲವತ್ತು ಪುಟಗಳ ಬರಹವನ್ನು ಫೋಟೋಗಳ ಸಮೇತ ನುಂಗಿ ಹಾಕಿದ ಮೇಲೆ.

ಪ್ರೋಗ್ರಾಮರುಗಳ ಎಡಿಟರಿನಲ್ಲಿ ಸಾಹಿತ್ಯ ಬರೆಯುವುದು ಹೊಸ ಹುಚ್ಚೇನಲ್ಲ. 1976ರಲ್ಲಿ ಹುಟ್ಟಿದ ಈಮ್ಯಾಕ್ಸ್‌ನಲ್ಲಿ ಕೋಡಿನ ಜೊತೆಗೇ ಪತ್ರ, ಪ್ರಬಂಧ, ಪುಸ್ತಕಗಳನ್ನೂ ಬರೆಯುತ್ತ ಬಂದಿದ್ದಾರೆ. ವಿಎಸ್ ಕೋಡ್ 2015ರ ಕೂಸು. ಎರಡೂ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮನೆಗಳು. ಅಂಥ ಮನೆಯಲ್ಲಿ ಕನ್ನಡಕ್ಕೆ ಜಾಗ ಮಾಡುವುದಕ್ಕೆ ನಾವು ಹಿಂಜರಿಯಬೇಕಿಲ್ಲ. ಇಂಗ್ಲಿಷಿನ ಕವನಗಳನ್ನು ಕನ್ನಡದ ನಡಿಗೆಗೆ ಒಗ್ಗಿಸಿದ ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ಇದೇ ಸಂಪಿಗೆಯಲ್ಲಿ!

ಯಾಕೆ ಹೀಗಾಗುತ್ತದೆ?

ಕೋಡ್ ಎಡಿಟರ್ ಮೂರು ಸಂಗತಿಗಳನ್ನು ನಂಬಿಕೊಂಡಿರುತ್ತದೆ. ಪ್ರತಿ ಅಕ್ಷರಕ್ಕೂ ಒಂದೇ ಅಗಲ. ಪ್ರತಿ ಸಾಲೂ ಚಿಕ್ಕದು, ಅದರ ಕೊನೆಗೆ ನೀವೇ ಎಂಟರ್ ಒತ್ತುತ್ತೀರಿ. ಪ್ರತಿ ಪದವೂ ಹಿಂದೆ ಎಲ್ಲೋ ಬಂದಿರುವ ಹೆಸರು, ಅರ್ಧ ಹೊಡೆದರೆ ಉಳಿದರ್ಧವನ್ನು ತಾನೇ ತುಂಬಬಹುದು. ಕೋಡಿಗೆ ಈ ಮೂರೂ ಸರಿ, ಕನ್ನಡದ ಗದ್ಯಕ್ಕೆ ಮೂರೂ ತಪ್ಪು.

ಮೊದಲನೆಯದೇ ದೊಡ್ಡದು. ‘ಸಂಪಿಗೆ’ ಎಂದರೆ ನಿಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರದ ಲೆಕ್ಕದಲ್ಲಿ ಆರು: ಸ, ಸೊನ್ನೆ, ಪ, ಗುಡಿಸು, ಗ, ಎತ್ವ. ‘ಕೊಬ್ಬರಿ’ಯಲ್ಲೂ ಕಣ್ಣಿಗೆ ಮೂರು, ಯಂತ್ರಕ್ಕೆ ಏಳು. ಯೂನಿಕೋಡ್ ನಮ್ಮ ಲಿಪಿಯನ್ನು ಇಡಿಯ ಅಕ್ಷರಗಳಾಗಿ ಜೋಡಿಸಿಟ್ಟಿಲ್ಲ. ವ್ಯಂಜನ, ಸ್ವರಚಿಹ್ನೆ, ಹಲಂತ ಎಂದು ಬಿಡಿಬಿಡಿಯಾಗಿ ಇಟ್ಟಿದೆ. ತೆರೆಯ ಮೇಲೆ ಅವು ಕೂಡಿ ಒಂದು ಆಕಾರವಾಗುತ್ತವೆ. ಆ ಆಕಾರಗಳ ಅಗಲವೂ ಒಂದೇ ಅಲ್ಲ. ‘ರ’ ಸಣ್ಣದು, ‘ಝೂ’ ಎರಡಾಳಿನ ಜಾಗ ಕೇಳುತ್ತದೆ. ಬಿಡಿಗಳನ್ನು ಎಣಿಸಿ ‘ಇಷ್ಟಾಯಿತು, ಇಲ್ಲಿ ಸಾಲು ಮುರಿ’ ಎಂದು ಎಡಿಟರ್ ನಿರ್ಧರಿಸಿದರೆ ಒಂದು ಸಾಲು ಅರ್ಧಕ್ಕೇ ನಿಲ್ಲುತ್ತದೆ, ಇನ್ನೊಂದು ಅಂಚು ದಾಟುತ್ತದೆ.

ಬ್ಯಾಕ್‌ಸ್ಪೇಸ್ ಒತ್ತಿದರೆ ‘ಬ್ಬ’ ಒಂದೇ ಏಟಿಗೆ ಹೋಗದೆ ಮೊದಲು ಒತ್ತು, ಆಮೇಲೆ ಹಲಂತ, ಆಮೇಲೆ ಬ ಎಂದು ಕಳಚಿಕೊಳ್ಳುವುದಕ್ಕೂ ಇದೇ ಕಾರಣ. ಅದು ದೋಷವಲ್ಲ. ಒತ್ತು ತಪ್ಪಿದಾಗ ಇಡೀ ಅಕ್ಷರವನ್ನು ಮತ್ತೆ ಹೊಡೆಯದೆ ಅಷ್ಟನ್ನೇ ಸರಿಪಡಿಸಲು ಅನುಕೂಲವಾಗುತ್ತದೆ.

ಇಷ್ಟು ತಿಳಿದಿದ್ದರೆ ಕೆಳಗಿನ ಹೆಜ್ಜೆಗಳು ಬಾಯಿಪಾಠ ಮಾಡುವ ಮಂತ್ರಗಳಾಗುವುದಿಲ್ಲ.

ಮಾಡುವುದು ಹೇಗೆ?

ಉದಾಹರಣೆಗೆ ವಿಎಸ್ ಕೋಡ್ ಇಟ್ಟುಕೊಳ್ಳೋಣ. ಸೆಟ್ಟಿಂಗ್ಸ್ ತೆರೆಯಲು ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಲಿ ಒಟ್ಟಿಗೆ ಒತ್ತಿ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಇಲ್ಲಿ ಹೇಳಿದ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದರೆ ಆ ಅಂಶ ಎದುರಿಗೆ ಬರುತ್ತದೆ.

1. ಬರವಣಿಗೆಗೆ ಬೇರೆ ಪ್ರೊಫೈಲ್ ಮಾಡಿ. ಎಡಗಡೆ ಕೆಳಗಿನ ಹಲ್ಲುಚಕ್ರದ ಗುರುತಿನಲ್ಲಿ ‘ಪ್ರೊಫೈಲ್ಸ್’ ಇದೆ. ಹೊಸದೊಂದನ್ನು ಮಾಡಿ ‘ಬರವಣಿಗೆ’ ಎಂದು ಹೆಸರಿಡಿ. ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಮುಂದಿನ ಹೆಜ್ಜೆಗಳಲ್ಲಿ ನೀವು ಕಿತ್ತುಹಾಕುವುದೆಲ್ಲ ನಾಳೆ ಬೆಳಿಗ್ಗೆ ಕಚೇರಿ ಕೆಲಸಕ್ಕೆ ಬೇಕೇ ಬೇಕು. ಪ್ರೊಫೈಲ್ ಬೇರೆಯಿದ್ದರೆ ಎರಡು ಕ್ಲಿಕ್ಕಿನಲ್ಲಿ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ.

2. ಫೈಲನ್ನು ಮಾರ್ಕ್‌ಡೌನ್ ಆಗಿ ಉಳಿಸಿ. 2004ರಲ್ಲಿ ಜಾನ್ ಗ್ರೂಬರ್ ಹೊರತಂದ ಸರಳ ಬರಹ ಪದ್ಧತಿ ಇದು. ಫೈಲಿನ ಹೆಸರಿನ ಕೊನೆಗೆ ಚುಕ್ಕಿ, ಎಂ, ಡಿ ಬಂದರಾಯಿತು. ಸಾಲಿನ ಮೊದಲು # ಹಾಕಿ ಒಂದು ಜಾಗ ಬಿಟ್ಟರೆ ದೊಡ್ಡ ಶೀರ್ಷಿಕೆ, ## ಹಾಕಿದರೆ ಉಪಶೀರ್ಷಿಕೆ, ಪದದ ಎರಡೂ ಬದಿ ಎರಡೆರಡು ನಕ್ಷತ್ರ ಚಿಹ್ನೆ (*) ಹಾಕಿದರೆ ದಪ್ಪಕ್ಷರ, ನಡುವೆ ಒಂದು ಖಾಲಿ ಸಾಲು ಬಿಟ್ಟರೆ ಹೊಸ ಪ್ಯಾರಾ. ನೂರು ಪುಟ ಬರೆಯುವುದಕ್ಕೂ ಇಷ್ಟು ಸಾಕು. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿದರೆ ಅಚ್ಚಾದಂಥ ನೋಟ ಸಿಗುತ್ತದೆ. ಎಡಗಡೆಯ ‘ಔಟ್‌ಲೈನ್’ ಪಟ್ಟಿಯಲ್ಲಿ ನಿಮ್ಮ ಶೀರ್ಷಿಕೆಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಕೋಡಿನಲ್ಲಿ ಫಂಕ್ಷನ್‌ಗಳನ್ನು ತೋರಿಸಲು ಮಾಡಿದ ಪಟ್ಟಿ ಅದು, ಇಲ್ಲಿ ಅಧ್ಯಾಯಗಳ ಪರಿವಿಡಿಯಾಗಿ ದುಡಿಯುತ್ತದೆ.

3. ಸಾಲು ಮಡಿಚುವುದನ್ನು ಸರಿಪಡಿಸಿ. ಮುಖ್ಯವಾದ ಹೆಜ್ಜೆ ಇದೇ, ಬಹಳ ಮಂದಿ ಅರ್ಧಕ್ಕೆ ಬಿಡುವುದೂ ಇದನ್ನೇ. ‘ವರ್ಡ್ ರ‍್ಯಾಪ್’ ಎಂಬುದರ ಮೊದಲು @lang:markdown ಸೇರಿಸಿ ಹುಡುಕಿ ‘ಬೌಂಡೆಡ್’ ಆರಿಸಿ, ಇಲ್ಲದಿದ್ದರೆ ಮಾರ್ಕ್‌ಡೌನ್ ಫೈಲಿಗೆ ಅದು ಅನ್ವಯಿಸುವುದಿಲ್ಲ. ಕೆಳಗೇ ಇರುವ ‘ವರ್ಡ್ ರ‍್ಯಾಪ್ ಕಾಲಮ್’ಗೆ 80 ಕೊಡಿ. ಈಗ ಸಾಲು ಕಿಟಕಿಯೊಳಗೆ ಉಳಿಯುತ್ತದೆ, ದೊಡ್ಡ ತೆರೆಯಲ್ಲೂ ಓದಲಾರದಷ್ಟು ಉದ್ದವಾಗುವುದಿಲ್ಲ. ಇಲ್ಲಿಗೆ ನಿಲ್ಲಿಸಬೇಡಿ. ‘ರ‍್ಯಾಪಿಂಗ್ ಸ್ಟ್ರ್ಯಾಟಜಿ’ ಎಂಬ ಇನ್ನೊಂದು ಅಂಶವಿದೆ. ಅದು ‘ಸಿಂಪಲ್’ ಎಂದಿದ್ದರೆ ಎಡಿಟರ್ ಎಲ್ಲ ಅಕ್ಷರಕ್ಕೂ ಒಂದೇ ಅಗಲವೆಂದು ಎಣಿಸಿಯೇ ಸಾಲು ಮುರಿಯುತ್ತದೆ, ಮೇಲೆ ಹೇಳಿದ ತಪ್ಪು ಲೆಕ್ಕ ಇದೇ. ‘ಅಡ್ವಾನ್ಸ್ಡ್’ ಎಂದು ಬದಲಿಸಿದರೆ ತೆರೆಯ ಮೇಲೆ ಅಕ್ಷರಗಳು ನಿಜಕ್ಕೂ ಎಷ್ಟು ಜಾಗ ಹಿಡಿದಿವೆ ಎಂದು ಅಳೆದು ಮುರಿಯುತ್ತದೆ. ಅಳೆಯುವುದಕ್ಕೆ ಹೊತ್ತು ಹಿಡಿಯುವುದರಿಂದ ತೀರಾ ದೊಡ್ಡ ಫೈಲಿನಲ್ಲಿ ಎಡಿಟರ್ ತಡವರಿಸಬಹುದು. ಹಾಗಾಗಿ ಇಡೀ ಪುಸ್ತಕವನ್ನು ಒಂದೇ ಫೈಲಿಗೆ ತುರುಕಬೇಡಿ, ಅಧ್ಯಾಯಕ್ಕೊಂದು ಫೈಲ್ ಇಡಿ.

80 ಎಂದು ಕೊಟ್ಟರೆ ಸಾಲಿಗೆ 80 ಅಕ್ಷರ ಬರುವುದಿಲ್ಲ ಎಂಬುದೂ ನೆನಪಿರಲಿ. ಅದು ಇಂಗ್ಲಿಷ್ ಅಕ್ಷರದ ಅಗಲದ ಲೆಕ್ಕ. ಕನ್ನಡದ್ದು ಅದಕ್ಕಿಂತ ಬಹಳ ಕಡಿಮೆ ಹಿಡಿಯುತ್ತದೆ. ಸಾಲು ಗಿಡ್ಡವೆನಿಸಿದರೆ 90 ಮಾಡಿ ನೋಡಿ.

4. ಅಕ್ಷರವಿನ್ಯಾಸ ಮತ್ತು ಸಾಲಿನ ಎತ್ತರ. ಎಡಿಟರಿನ ಮೂಲ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಸಿಸ್ಟಮ್ ತನಗೆ ಸಿಕ್ಕಿದ ಯಾವುದೋ ಕನ್ನಡ ಫಾಂಟನ್ನು ತಂದು ನಿಲ್ಲಿಸುತ್ತದೆ. ಅದಕ್ಕೆ ಬಿಡದೆ ‘ಫಾಂಟ್ ಫ್ಯಾಮಿಲಿ’ಯಲ್ಲಿ ನೀವೇ ಹೆಸರು ಕೊಡಿ. ನೋಟೋ ಸೆರಿಫ್ ಕನ್ನಡ ಅಥವಾ ನೋಟೋ ಸ್ಯಾನ್ಸ್ ಕನ್ನಡ ಎಲ್ಲ ಯಂತ್ರಗಳಿಗೂ ಉಚಿತವಾಗಿ ಸಿಗುತ್ತವೆ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಲಿನಕ್ಸ್ ಬಳಸುವವರಿಗೆ ಲೋಹಿತ್, ನವಿಲು, ಗುಬ್ಬಿ ಇವೆ. (ಗುಬ್ಬಿ ಎಂದರೆ ಪಕ್ಕದ ತಾಲ್ಲೂಕು ಎಂದು ನಾನು ಹಿಗ್ಗಿದ್ದೆ, ಜೊತೆಗೆ ನವಿಲೂ ಇರುವುದನ್ನು ನೋಡಿದರೆ ಅದು ಹಕ್ಕಿಯೇ ಇರಬೇಕು.) ಗಾತ್ರ 18ರಿಂದ 20 ಇರಲಿ.

‘ಲೈನ್ ಹೈಟ್’ ಅಂಶದಲ್ಲಿ 0 ಇದ್ದರೆ ಎಡಿಟರ್ ತಾನೇ ಎತ್ತರ ನಿರ್ಧರಿಸುತ್ತದೆ. ಇಂಗ್ಲಿಷಿಗೆ ಅದು ಹದವಾಗಿರುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಥರದ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು ಇಳಿಯುತ್ತದಲ್ಲ, ಅದಕ್ಕೆ ಜಾಗ ಸಾಲುವುದಿಲ್ಲ. 1.8 ಎಂದು ಕೊಡಿ. ಅಕ್ಷರದ ಗಾತ್ರದ 1.8 ಪಟ್ಟು ಎಂದು ಅದು ಅರ್ಥಮಾಡಿಕೊಳ್ಳುತ್ತದೆ. ತೆಂಗಿನ ಸಸಿಗಳ ನಡುವೆ ಅಂತರ ಬಿಟ್ಟ ಹಾಗೆ ಇದು, ಮೊದಲು ಜಾಗ ದಂಡ ಎನಿಸಿದರೂ ಒಂದು ಗಂಟೆ ಓದಿದ ಮೇಲೆ ಕಣ್ಣೇ ಒಪ್ಪಿಕೊಳ್ಳುತ್ತದೆ.

5. ಬೇಡದ್ದನ್ನು ಕಳಚಿ. ಬಲಗಡೆ ಇಡೀ ಫೈಲಿನ ಚಿಕಣಿ ತೋರಿಸುವ ‘ಮಿನಿಮ್ಯಾಪ್’ ತೆಗೆಯಿರಿ. ‘ಲೈನ್ ನಂಬರ್ಸ್’ ತೆಗೆಯಿರಿ. ಪದ ಸೂಚಿಸುವ ‘ಕ್ವಿಕ್ ಸಜೆಶನ್ಸ್’ ಮತ್ತು ‘ವರ್ಡ್ ಬೇಸ್ಡ್ ಸಜೆಶನ್ಸ್’ ಎರಡನ್ನೂ ನಿಲ್ಲಿಸಿ. ‘ಅಕ್ಸೆಪ್ಟ್ ಸಜೆಶನ್ ಆನ್ ಎಂಟರ್’ ಎಂಬುದನ್ನೂ ‘ಆಫ್’ ಮಾಡಿ. ಮಾರ್ಕ್‌ಡೌನ್ ಫೈಲಿಗೆ ಇವುಗಳಲ್ಲಿ ಕೆಲವು ತಾವಾಗಿಯೇ ನಿಂತಿರಬಹುದು. ಆದರೂ ಒಮ್ಮೆ ನೋಡಿ, ಯಾಕೆಂದರೆ ಇದೊಂದು ಉಳಿದುಬಿಟ್ಟರೆ ಪ್ಯಾರಾದ ಕೊನೆಗೆ ಎಂಟರ್ ಒತ್ತಿದಾಗಲೆಲ್ಲ ನೀವು ಬರೆಯದ ಪದ ನಿಮ್ಮ ಬರಹದೊಳಗೆ ನುಸುಳುತ್ತದೆ. ‘ಕೊಬ್ಬರಿ ದಾಸ್ತಾನು’ ಇದ್ದ ಕಡೆ ‘ಕೊಬ್ಬರಿ ದಾಸಪ್ಪ’ ಆಗಿದ್ದನ್ನು ನಾನು ಮೂರು ಸಲ ಓದಿಯೂ ಗಮನಿಸಿರಲಿಲ್ಲ.

6. ಅಕ್ಷರಗಳ ಸುತ್ತ ಹಳದಿ ಚೌಕ ಕಂಡರೆ ಹೆದರಬೇಡಿ. ಹೊಸ ಫೋಲ್ಡರ್ ತೆರೆದಾಗ ‘ಇದನ್ನು ನಂಬುತ್ತೀರಾ’ ಎಂದು ವಿಎಸ್ ಕೋಡ್ ಕೇಳುತ್ತದೆ. ಇಲ್ಲ ಎಂದರೆ ಇಂಗ್ಲಿಷೇತರ ಅಕ್ಷರಗಳನ್ನೆಲ್ಲ ಅನುಮಾನದಿಂದ ನೋಡಿ ಗುರುತು ಹಾಕುತ್ತದೆ. ಕೋಡಿನೊಳಗೆ ಕಳ್ಳ ಅಕ್ಷರ ಬಚ್ಚಿಟ್ಟು ಮೋಸ ಮಾಡುವವರಿದ್ದಾರೆ, ಅದಕ್ಕೆ ಈ ಕಾವಲು. ನಿಮ್ಮದೇ ಬರಹದ ಫೋಲ್ಡರನ್ನು ‘ಟ್ರಸ್ಟ್’ ಮಾಡಿ. ಬೇರೆಯವರಿಂದ ಬಂದ ಫೋಲ್ಡರಿಗೆ ಕಣ್ಣುಮುಚ್ಚಿ ಹಾಗೆ ಮಾಡಬೇಡಿ.

ಆಮೇಲೂ ಅಲ್ಲಲ್ಲಿ ಚೌಕ ಉಳಿದರೆ ಅದು ಕಾಣದ ಅಕ್ಷರಗಳ ಗುರುತು. ಮೇಲೆ ನಾನು ಬರೆದ ‘ರ‍್ಯಾಪ್’ ಪದವನ್ನೇ ನೋಡಿ. ರ ಮತ್ತು ಯ ನಡುವೆ ಕಣ್ಣಿಗೆ ಬೀಳದ ಒಂದು ಕೊಂಡಿ ಇದೆ. ಅದಿಲ್ಲದಿದ್ದರೆ ‘ರ್ಯಾಪ್’ ಎಂದು ಅರ್ಕಾವತ್ತು ಬಂದುಬಿಡುತ್ತದೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕ ಒತ್ತಾಗಿ ಅಂಟದಿರುವುದಕ್ಕೂ ಇಂಥದೇ ಕಾಣದ ತಡೆ ಕಾರಣ. ಇವು ಕನ್ನಡಕ್ಕೆ ಬೇಕೇ ಬೇಕು. ಚೌಕ ಕಿರಿಕಿರಿಯಾದರೆ ‘ಯೂನಿಕೋಡ್ ಹೈಲೈಟ್’ ಎಂದು ಹುಡುಕಿ ‘ಇನ್ವಿಸಿಬಲ್ ಕ್ಯಾರೆಕ್ಟರ್ಸ್’ ನಿಲ್ಲಿಸಿ, ಅಕ್ಷರವನ್ನು ಮಾತ್ರ ಅಳಿಸಬೇಡಿ.

7. ಕರೆಂಟು ನಂಬಬೇಡಿ. ‘ಆಟೋ ಸೇವ್’ ಅಂಶವನ್ನು ‘ಆಫ್ಟರ್ ಡಿಲೇ’ಗೆ ಇಡಿ. ಬೆರಳು ನಿಂತ ಒಂದು ಕ್ಷಣಕ್ಕೆ ಫೈಲ್ ತಾನೇ ಉಳಿಯುತ್ತದೆ. ಹಳೆಯ ರೂಪಕ್ಕೆ ಹಿಂತಿರುಗಬೇಕೆಂದರೆ ಎಡಗಡೆಯ ‘ಟೈಮ್‌ಲೈನ್’ ತೆರೆಯಿರಿ. 2022ರಿಂದ ವಿಎಸ್ ಕೋಡ್ ಪ್ರತಿ ಸಲ ಉಳಿಸಿದ ಪ್ರತಿಯನ್ನೂ ಸ್ವಲ್ಪ ಕಾಲ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಿನ್ನೆಯ ಪ್ರತಿ, ಇಂದಿನ ಪ್ರತಿ ಅಕ್ಕಪಕ್ಕ ಇಟ್ಟು ಎಲ್ಲಿ ಬದಲಾಗಿದೆ ಎಂದು ಬಣ್ಣ ಹಚ್ಚಿ ತೋರಿಸುತ್ತದೆ. ಗಿಟ್ ಬಲ್ಲವರು ಗಿಟ್ ಬಳಸಿ. ಆದರೆ ಅದು ವ್ಯತ್ಯಾಸವನ್ನು ಸಾಲಿನ ಲೆಕ್ಕದಲ್ಲಿ ತೋರಿಸುವುದರಿಂದ, ಒಂದು ವಾಕ್ಯಕ್ಕೆ ಒಂದು ಸಾಲು ಎಂಬ ಕ್ರಮ ಇಟ್ಟುಕೊಳ್ಳಿ. ಖಾಲಿ ಸಾಲು ಬಿಡದಿದ್ದರೆ ಮಾರ್ಕ್‌ಡೌನ್ ಅವನ್ನೆಲ್ಲ ಒಂದೇ ಪ್ಯಾರಾ ಮಾಡುತ್ತದೆ, ಚಿಂತೆಯಿಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಯಾವ ವಾಕ್ಯ ನಾಲ್ಕು ಮಡಿಕೆ ಬಿದ್ದಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ನಾಲ್ಕು ಮಡಿಕೆಯ ವಾಕ್ಯ ಎಂದರೆ ಓದುಗ ಉಸಿರುಕಟ್ಟಿ ಕಾಯುತ್ತಿದ್ದಾನೆ ಎಂದರ್ಥ.

8. ಝೆನ್ ಮೋಡ್. ಕಂಟ್ರೋಲ್ ಮತ್ತು ಕೆ ಒತ್ತಿ, ಬಿಟ್ಟು, ಝಡ್ ಒತ್ತಿ. ಪಟ್ಟಿಗಳೆಲ್ಲ ಮಾಯವಾಗಿ ಬರಹವೊಂದೇ ಉಳಿಯುತ್ತದೆ. ಹೊರಬರಲು ಎಸ್ಕೇಪ್ ಎರಡು ಸಲ.

ಕೀಲಿಮಣೆಯ ತೊಡಕು

ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮೊದಲಿನಿಂದ ಇದೆ, 2019ರ ನಂತರದ ವಿಂಡೋಸ್ 10ರಲ್ಲಿ ‘ಕನ್ನಡ ಫೊನೆಟಿಕ್’ ಕೂಡ ಇದೆ. ನುಡಿಯಲ್ಲಿ ಕೈ ಪಳಗಿದವರಿಗೆ ಬೇಕಾದ್ದು ಕೆ.ಪಿ. ರಾವ್ ಅವರ ವಿನ್ಯಾಸ. ನುಡಿ ತಂತ್ರಾಂಶ ಹಾಕಿಕೊಂಡಿದ್ದರೆ ಅದನ್ನು ಯೂನಿಕೋಡ್‌ಗೆ ಬದಲಿಸಿಕೊಂಡೇ ಎಡಿಟರಿನಲ್ಲಿ ಬರೆಯಿರಿ. ಲಿನಕ್ಸ್‌ನಲ್ಲಿ ಐಬಸ್ ಜೊತೆಗೆ ಎಂ17ಎನ್ ಕಡತಗಳನ್ನು ಹಾಕಿಕೊಂಡರೆ ‘ಕೆಜಿಪಿ’ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ಸಿಗುತ್ತದೆ.

ಕನ್ನಡ ಕೀಲಿಮಣೆ ಚಾಲೂ ಇರುವಾಗ ಕೆಲವು ಯಂತ್ರಗಳಲ್ಲಿ ಕಂಟ್ರೋಲ್-ಎಸ್, ಕಂಟ್ರೋಲ್-ಎಫ್ ಕೆಲಸ ಮಾಡುವುದಿಲ್ಲ. ಎಸ್ ಇರುವ ಜಾಗದಲ್ಲಿ ಈಗ ಬೇರೆ ಅಕ್ಷರ ಕೂತಿದೆಯಲ್ಲ, ಎಡಿಟರಿಗೆ ಗೊಂದಲ. ‘ಕೀಬೋರ್ಡ್: ಡಿಸ್ಪ್ಯಾಚ್’ ಎಂಬುದನ್ನು ‘ಕೀಕೋಡ್’ಗೆ ಬದಲಿಸಿ ಎಡಿಟರನ್ನು ಮುಚ್ಚಿ ತೆರೆಯಿರಿ. ಲಿನಕ್ಸ್‌ನಲ್ಲಿ ಈ ತೊಡಕಿಗೆ ಬಹುಮಟ್ಟಿಗೆ ಇದೇ ಮದ್ದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸೊನ್ನೆಯ ಜಾಗದಲ್ಲಿ ಅಂಕಿ. ‘ಸಂಪಿಗೆ’ ಮತ್ತು ‘ಸ೦ಪಿಗೆ’. ಎರಡೂ ಒಂದೇ ಎನಿಸಿತೇ? ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಕಣ್ಣಿಗೆ ಮೋಸವಾಗುತ್ತದೆ, ಹುಡುಕಾಟಕ್ಕೆ ಆಗುವುದಿಲ್ಲ. ನೀವು ‘ಸಂಪಿಗೆ’ ಎಂದು ಹುಡುಕಿದರೆ ಎರಡನೆಯದು ಸಿಗುವುದೇ ಇಲ್ಲ. ಹಳೆಯ ಫೈಲುಗಳಲ್ಲಿ, ಬೇರೆಯವರು ಹೊಡೆದುಕೊಟ್ಟ ಪುಟಗಳಲ್ಲಿ ಇದು ಧಾರಾಳ. ಬರಹ ಮುಗಿದ ಮೇಲೆ ಒಮ್ಮೆ ಅಂಕಿ ‘೦’ ಅನ್ನೇ ಹುಡುಕಿ, ಪದದ ನಡುವೆ ಸಿಕ್ಕಿದ್ದನ್ನೆಲ್ಲ ತಿದ್ದಿ.

‘ರಿಪ್ಲೇಸ್ ಆಲ್’ ಹುಮ್ಮಸ್ಸು. ನನ್ನ ಬರಹವೊಂದರಲ್ಲಿ ಬರಿಯ ‘ಕಾಯಿ’ ಎಂದಿದ್ದುದನ್ನೆಲ್ಲ ‘ತೆಂಗಿನಕಾಯಿ’ ಮಾಡೋಣವೆಂದು ಒಂದೇ ಗುಂಡಿ ಒತ್ತಿದೆ. ‘ನುಸಿ ಕಾಯಿಲೆ’ ಹೋಗಿ ‘ನುಸಿ ತೆಂಗಿನಕಾಯಿಲೆ’ ಆಯಿತು, ‘ಭೂ ಕಾಯಿದೆ’ ‘ಭೂ ತೆಂಗಿನಕಾಯಿದೆ’ ಆಯಿತು, ಮೆಣಸಿನಕಾಯಿಯ ಗತಿ ನೀವೇ ಊಹಿಸಿ. ‘ಹೋಲ್ ವರ್ಡ್’ ಆರಿಸಿದರೆ ಕಾಯಿಲೆ, ಕಾಯಿದೆ ಉಳಿದುಕೊಳ್ಳುತ್ತವೆ ನಿಜ, ಆದರೆ ‘ಕಾಯಿಗೆ’, ‘ಕಾಯಿಯ’, ‘ಕಾಯಿಗಳು’ ಕೂಡ ತಪ್ಪಿಹೋಗುತ್ತವೆ. ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವ ಭಾಷೆಯಲ್ಲಿ ಒಂದೊಂದಾಗಿ ನೋಡಿ ಬದಲಿಸುವುದೇ ಸರಿ. ಹುಡುಕುವುದಕ್ಕೆ ಮಾತ್ರ ಇದೇ ಗುಣ ವರವೂ ಹೌದು. ‘ತೆಂಗ’ ಎಂದಷ್ಟೇ ಹೊಡೆದರೆ ತೆಂಗು, ತೆಂಗಿನ, ತೆಂಗಿಗೆ ಎಲ್ಲವೂ ಸಿಗುತ್ತವೆ, ಏಕೆಂದರೆ ಕೊಂಬು ಮತ್ತು ಗುಡಿಸು ಯಂತ್ರದ ಲೆಕ್ಕದಲ್ಲಿ ಗ ಆದಮೇಲೆ ಬರುವ ಬೇರೆ ಬಿಡಿಗಳು.

ಪ್ಯಾರಾದ ಮೊದಲು ಜಾಗ ಬಿಡುವುದು. ಶಾಲೆಯಲ್ಲಿ ಕಲಿತ ಅಭ್ಯಾಸ. ಮಾರ್ಕ್‌ಡೌನ್‌ನಲ್ಲಿ ಸಾಲಿನ ಮೊದಲು ನಾಲ್ಕು ಜಾಗ ಬಿಟ್ಟರೆ ಅದನ್ನು ಕೋಡ್ ಎಂದು ತಿಳಿದು ಬೇರೆ ಪೆಟ್ಟಿಗೆಗೆ ಹಾಕುತ್ತದೆ. ಬಿಡಬೇಡಿ.

ಕನ್ನಡ ಅಂಕಿಯ ಪಟ್ಟಿ. ‘೧.’, ‘೨.’ ಎಂದು ಬರೆದರೆ ಮಾರ್ಕ್‌ಡೌನ್‌ಗೆ ಅದು ಪಟ್ಟಿ ಎಂದು ಹೊಳೆಯುವುದಿಲ್ಲ, ಎಲ್ಲವನ್ನೂ ಒಂದೇ ಪ್ಯಾರಾಕ್ಕೆ ಸೇರಿಸಿಬಿಡುತ್ತದೆ. ಪಟ್ಟಿಗೆ 1, 2, 3 ಬಳಸಿ. ಇದಕ್ಕೆ ತಿರುಗುಮುರುಗಾದ ತಮಾಷೆಯೂ ಇದೆ. ಪ್ಯಾರಾದ ಮೊದಲಲ್ಲೇ ‘1884.’ ಎಂದು ಇಸವಿ ಬರೆದು ಚುಕ್ಕಿ ಇಟ್ಟು ಮಾತು ಮುಂದುವರಿಸಿದರೆ, ಅದು 1884ನೆಯ ಅಂಶದಿಂದ ಶುರುವಾಗುವ ಪಟ್ಟಿ ಎಂದುಕೊಳ್ಳುತ್ತದೆ!

ಸ್ಪೇಸ್ ಒತ್ತಿ ಕಾಲಂ ಸೇರಿಸುವುದು. ಕೋಡಿನಲ್ಲಿ ಸ್ಪೇಸ್ ಒತ್ತಿ ಸಾಲು ಸೇರಿಸಿದರೆ ನೆಟ್ಟಗೆ ನಿಲ್ಲುತ್ತದೆ, ಕನ್ನಡದಲ್ಲಿ ಎಂದೂ ನಿಲ್ಲದು. 2023ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ, 2024ಕ್ಕೆ 12,000, 2025ಕ್ಕೆ 12,100 ಎಂದು ಪಟ್ಟಿ ಕೊಡಬೇಕಾದರೆ ಉದ್ದಗೆರೆ ಹಾಕಿ ಮಾರ್ಕ್‌ಡೌನ್ ಕೋಷ್ಟಕ ಮಾಡಿ. ಎಡಿಟರಿನಲ್ಲಿ ಗೆರೆಗಳು ಸೊಟ್ಟಗಿದ್ದರೂ ಅಚ್ಚಿನಲ್ಲಿ ನೆಟ್ಟಗಾಗುತ್ತವೆ. ಅರ್ಜಿಯ ಬಲಗಡೆ ಬರಬೇಕಾದ ‘ಇಂತಿ ತಮ್ಮ ವಿಶ್ವಾಸಿ’ಯನ್ನು ಕೊನೆಗೆ ಲಿಬ್ರೆಆಫೀಸಿನಲ್ಲಿ ಸರಿಸಿ.

ಟರ್ಮಿನಲ್ ಒಳಗೆ ಬರೆಯುವ ಹಟ. ವಿಮ್ ಪ್ರಿಯರು ಬೇಸರಿಸಬಾರದು. ಟರ್ಮಿನಲ್ ಎಂದರೆ ಚದುರಂಗದ ಮಣೆ, ಮನೆಗೊಂದು ಅಕ್ಷರ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತುಗಳು ಚೆದುರಿ ಬೀಳುತ್ತವೆ. ಈಮ್ಯಾಕ್ಸ್ ಬಳಸುವವರೂ ಅದರ ಕಿಟಕಿ ರೂಪವನ್ನೇ ತೆರೆಯಿರಿ. ‘ವಿಷುಯಲ್ ಲೈನ್ ಮೋಡ್’ ಮತ್ತು ‘ವೇರಿಯಬಲ್ ಪಿಚ್ ಮೋಡ್’ ಹಾಕಿಕೊಂಡರೆ ಮೇಲಿನ ಮೂರು, ನಾಲ್ಕನೆಯ ಹೆಜ್ಜೆಗಳ ಬಹುಪಾಲು ಮುಗಿದಂತೆ. ಕನ್ನಡ ಹೊಡೆಯಲು ಇನ್‌ಸ್ಕ್ರಿಪ್ಟ್ ಮತ್ತು ಐಟ್ರಾನ್ಸ್ ಎರಡೂ ಅದರೊಳಗೇ ಇವೆ.

ಎಚ್ಚರಿಕೆ

ಕಚೇರಿಯ ಎಡಿಟರಿನಲ್ಲಿ ಎಐ ಸಹಾಯಕ ಇದ್ದೇ ಇರುತ್ತದೆ. ನೀವು ಬರೆಯುವುದನ್ನು ಅದು ಸಾಮಾನ್ಯವಾಗಿ ದೂರದ ಸರ್ವರಿಗೆ ಕಳಿಸಿಯೇ ಸಲಹೆ ಕೊಡುವುದು. ಅರ್ಜಿಯಲ್ಲಿ ಆಧಾರ್ ಸಂಖ್ಯೆ, ಪಹಣಿಯ ಸರ್ವೆ ನಂಬರು, ರೈತ ನೋಂದಣಿಯ ಫ್ರೂಟ್ಸ್ ಐಡಿ, ಬ್ಯಾಂಕ್ ಖಾತೆ ಎಲ್ಲ ಇರುತ್ತವಲ್ಲ? ಬರವಣಿಗೆಯ ಪ್ರೊಫೈಲಿನಲ್ಲಿ ಅಂಥ ಎಕ್ಸ್‌ಟೆನ್ಷನ್ ಒಂದೂ ಇರಬಾರದು. ಕಂಪನಿಯ ಲ್ಯಾಪ್‌ಟಾಪ್ ಆದರೆ ಅಪ್ಪನ ಕಾಗದಪತ್ರಗಳನ್ನು ಅದರಲ್ಲಿ ಇಡದಿರುವುದೇ ಕ್ಷೇಮ.

ಇನ್ನೊಂದು. ನುಡಿ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫೈಲನ್ನು ಇಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಟೋಪಿ, ಗೀಟು ಹಾಕಿಕೊಂಡು ಕಂಡರೆ ಫೈಲ್ ಕೆಟ್ಟಿಲ್ಲ. ಅದು ಯೂನಿಕೋಡ್‌ಗೆ ಮುಂಚಿನ ಬರಹ: ಒಳಗೆ ಇಂಗ್ಲಿಷ್ ಸಂಕೇತ, ಮೇಲೆ ಕನ್ನಡ ಫಾಂಟಿನ ಮುಖವಾಡ. ಎಡಿಟರ್ ಮುಖವಾಡ ತೆಗೆದು ತೋರಿಸಿದೆ ಅಷ್ಟೆ. ಮೂಲ ಫೈಲನ್ನು ಹಾಗೇ ಇಟ್ಟು, ಒಂದು ನಕಲನ್ನು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಿ. ಆಮೇಲೆ ಸೊನ್ನೆ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಿ, ಎಡವುವುದು ಅಲ್ಲೇ.

ಹೊರಗೆ ಕಳಿಸುವಾಗ

ಮಾರ್ಕ್‌ಡೌನನ್ನು ವರ್ಡ್ ಅಥವಾ ಪಿಡಿಎಫ್ ಮಾಡುವುದಕ್ಕೆ ಪ್ಯಾನ್‌ಡಾಕ್ ಎಂಬ ಉಚಿತ ಸಲಕರಣೆ ಇದೆ. ಅದು ನೇರವಾಗಿ ಪಿಡಿಎಫ್ ಮಾಡಲು ಸಾಮಾನ್ಯವಾಗಿ ಬಳಸುವ ಲೇಟೆಕ್ ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಝೀಲೇಟೆಕ್ ಎಂಬ ಯಂತ್ರವನ್ನು ಹೆಸರಿಸಿ, ಮುಖ್ಯ ಫಾಂಟ್ ಇಂಥದ್ದು ಎಂದೂ ಹೇಳಬೇಕು. ಇದು ತಲೆನೋವೆನಿಸಿದರೆ ಪ್ಯಾನ್‌ಡಾಕ್‌ನಿಂದ ವರ್ಡ್ ಫೈಲ್ ಮಾಡಿ, ಲಿಬ್ರೆಆಫೀಸಿನಲ್ಲಿ ತೆರೆದು, ಅಲ್ಲಿಂದ ಪಿಡಿಎಫ್ ತೆಗೆಯಿರಿ. ಅಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಬದಲಾಗದಿದ್ದರೆ ಗಾಬರಿ ಬೇಡ. ಲಿಬ್ರೆಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್’ ಎಂದು ಬೇರೆ ಇಟ್ಟಿರುತ್ತದೆ, ಸ್ಟೈಲಿನಲ್ಲಿ ಅದಕ್ಕೇ ಇರುವ ಫಾಂಟಿನ ಜಾಗದಲ್ಲಿ ಬದಲಿಸಬೇಕು.

ಪುಸ್ತಕ ಅಚ್ಚಿಗೆ ಹೋಗುವುದಾದರೆ ಡಿಟಿಪಿಯವರನ್ನು ಮೊದಲೇ ಕೇಳಿಕೊಳ್ಳಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಆದರೂ ಅದರಲ್ಲೇ ಪುಟ ಕಟ್ಟುವವರು ಇನ್ನೂ ಇದ್ದಾರೆ. ಅವರಿಗೆ ನುಡಿ ಸಂಕೇತಕ್ಕೆ ಬದಲಿಸಿದ ನಕಲು ಕೊಡಿ. ಕರಡು ತಿದ್ದುಪಡಿಯನ್ನು ಮಾತ್ರ ನಿಮ್ಮ ಯೂನಿಕೋಡ್ ಮೂಲದಲ್ಲೂ ಅದೇ ದಿನ ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡನೆಯ ಮುದ್ರಣದ ಹೊತ್ತಿಗೆ ತಿದ್ದಿದ ಪ್ರತಿ ಯಾರ ಬಳಿಯೂ ಇರುವುದಿಲ್ಲ.

ಅಪ್ಪನ ಅರ್ಜಿಯನ್ನು ತುರುವೇಕೆರೆಯ ಜೆರಾಕ್ಸ್ ಅಂಗಡಿಗೆ ಒಯ್ಯುವಾಗ ಪೆನ್‌ಡ್ರೈವಿನಲ್ಲಿ ಪಿಡಿಎಫ್ ಇರಲಿ, ವರ್ಡ್ ಫೈಲ್ ಬೇಡ. ನಿಮ್ಮ ಫಾಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪುಟಗಳ ಲೆಕ್ಕವೇ ತಪ್ಪುತ್ತದೆ, ಸಹಿ ಮಾಡುವ ಜಾಗವೊಂದೇ ಎರಡನೆಯ ಹಾಳೆಗೆ ಹೋಗಿ ಕೂರುತ್ತದೆ. ಎರಡು ಪ್ರತಿ ತೆಗೆಸಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರಬೇಕಲ್ಲ.